ಹಾಸ್ಟೆಲ್‌ನಿಂದ ಬಂದ ಕಾಗದ

ಮಾನ್ಯ ಸಂಪಾದಕರೇ,

ವಿನ್‌ಸ್ಟನ್ ಚರ್ಚಿಲ್ 1888ರಲ್ಲಿ ಲಂಡನ್ ಬಳಿಯ ಹ್ಯಾರೋ ವಸತಿ ಶಾಲೆ ಸೇರಿದರು. ಹುಡುಗನಾಗಿದ್ದಾಗ ಅವರು ತಾಯಿಗೆ ಬರೆದ ಕಾಗದಗಳು ಇಂದಿಗೂ ಕೇಂಬ್ರಿಡ್ಜಿನ ಚರ್ಚಿಲ್ ಕಾಲೇಜಿನಲ್ಲಿ ಭದ್ರವಾಗಿವೆ. ಒಮ್ಮೆ ಬಂದು ನೋಡಿ ಹೋಗು, ದುಡ್ಡು ಕಳಿಸು, ಇದೇ ಅವುಗಳ ಗೋಳು.

ನನ್ನ ಮಗನೂ ಚಿಕ್ಕಮಗಳೂರಿನ ಹಾಸ್ಟೆಲ್‌ನಿಂದ ಹಾಸನಕ್ಕೆ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದ. ಒಂದರ ಮಡಿಕೆಯಲ್ಲಿ ಸಾರಿನ ಕಲೆ, 'ಕೋಡುಬಳೆ ಮುಗೀತು' ಎಂಬ ಸಾಲಿನ ಕೆಳಗೆ ಎರಡು ಗೆರೆ. ರಾತ್ರಿ ಅಳು ಬಂದದ್ದನ್ನು ಬರೆದು, ಆಮೇಲೆ ಗೀಚಿ ಅಳಿಸಿದ್ದಾನೆ. ಬೆಳಕಿಗೆ ಹಿಡಿದರೆ ಈಗಲೂ ಓದಬಹುದು.

ಈಗ ಮೊಮ್ಮಗಳು ಹಾಸ್ಟೆಲ್‌ನಲ್ಲಿದ್ದಾಳೆ. ಭಾನುವಾರ ಐದು ನಿಮಿಷ ಫೋನು, ಹಿಂದೆ ಸಾಲು ನಿಂತ ಮಕ್ಕಳ ಗಲಾಟೆ. 'ಚೆನ್ನಾಗಿದೀನಿ ತಾತ' ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ನಮ್ಮ ಜಿಲ್ಲೆಯ ವಸತಿ ಶಾಲೆಗಳು ವಾರಕ್ಕೆ ಅರ್ಧ ಗಂಟೆಯಾದರೂ ಮಕ್ಕಳಿಂದ ಮನೆಗೆ ಕಾಗದ ಬರೆಸಲಿ. ವಾರ್ಡನ್ ಅದನ್ನು ಓದದೆ ಅಂಚೆಗೆ ಹಾಕಲಿ.

– ಹಿರಿಯ ಓದುಗ, ಹಾಸನ