ಹುಲಿಯ ಬಣ್ಣ ತೆಗೆದವರಿಗೆ

ಕಳೆದ ವಾರ ನನ್ನ ಮಕ್ಕಳ ಕಥೆಯ ಪುಸ್ತಕ ಕೈಗೆ ಬಂತು. 32 ಪುಟ, ಮುಖಪುಟದಲ್ಲಿ ಅರ್ಧ ಬಣ್ಣ ಬಳಿದುಕೊಂಡು ನಿಂತ ಹುಡುಗ. ಲೇಖಕಿ ಅಂತ ನನ್ನ ಹೆಸರು ಒಂದೇ ಇದೆ. ನೋಡಿ ಸ್ವಲ್ಪ ನಾಚಿಕೆಯೂ ಆಯಿತು, ಯಾಕೆಂದರೆ ಅದರಲ್ಲಿ ನಾನು ಬರೆದದ್ದಕ್ಕಿಂತ ನಮ್ಮ ಭಾನುವಾರದ ಗುಂಪಿನ ನೀವೆಲ್ಲ ಸೇರಿ ಹೊಡೆದು ಹಾಕಿದ್ದೇ ಜಾಸ್ತಿ.

ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಮೈಗೆಲ್ಲ ಬಣ್ಣ ಬಳಿದು ಹುಲಿವೇಷ ಹಾಕಲೇಬೇಕು ಅಂತ ಹಟ ಹಿಡಿಯುವ ಹುಡುಗನ ಕಥೆ ಅದು. ಬರೆದು ಮೂರು ವರ್ಷ ಆಗಿತ್ತು. ಒಬ್ಬ ಪ್ರಕಾಶಕರು ಒಂದೂವರೆ ವರ್ಷ ಇಟ್ಟುಕೊಂಡು ಉತ್ತರವೇ ಕೊಡಲಿಲ್ಲ. ಇನ್ನೊಬ್ಬರು ಕೊಟ್ಟರು, ನಲವತ್ತು ಸಾವಿರ ಕೊಟ್ಟರೆ ಅಚ್ಚು ಹಾಕಿಸುತ್ತೇವೆ ಅಂತ. ನಾನು ಬಳೆ ಅಡವಿಡುವ ಲೆಕ್ಕದಲ್ಲಿದ್ದೆ, ನಿಜವಾಗಿ. ನಮ್ಮ ಕಡೆ ಮಕ್ಕಳಿಗೆ ಬರೆಯುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಬಂಟ್ವಾಳದಲ್ಲಿ, ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲವನ ಮಾಡಿದ್ದು ಪುತ್ತೂರಿನಲ್ಲಿ. ಆದರೂ ಮಕ್ಕಳಿಗೆ ಬರೆಯುವವರು ನನಗೆ ಒಬ್ಬರೂ ಗೊತ್ತಿರಲಿಲ್ಲ. "ಮಕ್ಕಳ ಕಥೆಯಾ? ಅದು ಸುಲಭ ಅಲ್ವಾ" ಅನ್ನುವವರು ಬೇಕಾದಷ್ಟು ಇದ್ದರು.

ಉಡುಪಿಯಲ್ಲಿ ಮಕ್ಕಳಿಗೆ ಬರೆಯುವವರ ಎರಡು ದಿನದ ಕಮ್ಮಟ ಇದೆ ಅಂತ ಗೊತ್ತಾಗಿ ಹೋದೆ, ಹಿಂದಿನ ಸಾಲಿನಲ್ಲಿ ಕೂತೆ. ಮೊದಲ ದಿನದ ಭಾಷಣಗಳು ಸುಮಾರು, ಸುಳ್ಳು ಹೇಳುವುದಿಲ್ಲ. ಎರಡನೇ ದಿನ ಹತ್ತಿರದ ಶಾಲೆಯ ಮಕ್ಕಳನ್ನು ಕೂರಿಸಿ, ನಮ್ಮ ಕಥೆಯನ್ನು ನಮ್ಮಿಂದಲೇ ಓದಿಸಿದರು ನೋಡಿ, ಆಗ ಗೊತ್ತಾಯಿತು. ಐದು ನಿಮಿಷಕ್ಕೆ ಒಬ್ಬ ಬೆಲ್ಟಿನ ಬಕಲ್ ತೆಗೆದು ಹಾಕಿ ಆಡತೊಡಗಿದ. ಅಜ್ಜಿ ಬುದ್ಧಿ ಹೇಳುವ ಕೊನೆಯ ಪುಟ ಬರುವಾಗ ಅರ್ಧ ಮಕ್ಕಳು ಕಿಟಕಿ ನೋಡುತ್ತಿದ್ದರು. ಮುಗಿದ ಮೇಲೆ ಮೂರನೇ ಕ್ಲಾಸಿನ ಒಬ್ಬಳು ಎದ್ದು ಕೇಳಿದಳು, "ಟೀಚರ್, ಮತ್ತೆ ಆ ಬಣ್ಣ ಹೋದದ್ದು ಹೇಗೆ?"

ನನ್ನ ಕಥೆಯಲ್ಲಿ ಅದೇ ಇರಲಿಲ್ಲ! ಬಣ್ಣ ಒಣಗುವ ತನಕ ಕೈ ಚಾಚಿ ಕೋಲು ಹಿಡಿದು ನಿಲ್ಲುವುದು, ತುರಿಸಿದರೂ ಕೆರೆಯಲಿಕ್ಕೆ ಆಗದೆ ಒದ್ದಾಡುವುದು, ಮರುದಿನ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಕೊನೆಗೂ ಕಿವಿಯ ಹಿಂದೆ ಒಂದಿಷ್ಟು ಹಳದಿ ಉಳಿಯುವುದು, ಇದೆಲ್ಲ ನನ್ನ ಅಣ್ಣನಿಗೆ ಆದದ್ದನ್ನು ಕಣ್ಣಾರೆ ಕಂಡವಳು ನಾನು. ಬರೆದದ್ದು ಮಾತ್ರ ಅಜ್ಜಿಯ ಉಪದೇಶ.

ಆ ಸಂಜೆ ಬಸ್‌ಸ್ಟ್ಯಾಂಡ್ ತನಕ ಒಟ್ಟಿಗೆ ನಡೆದ ಆರು ಜನ ಈಗಲೂ ತಿಂಗಳಿಗೊಂದು ಭಾನುವಾರ ಯಾರದ್ದಾದರೂ ಮನೆಯಲ್ಲಿ ಸೇರುತ್ತೇವೆ.

ಕುಂದಾಪುರದ ಚಿತ್ರಕಾರ ಅಣ್ಣ, ಮೊದಲ ಥ್ಯಾಂಕ್ಸ್ ನಿಮಗೆ. "ಹಳದಿ ಮೈ, ಕಪ್ಪು ಪಟ್ಟೆ, ಉದ್ದ ಬಾಲ ಅಂತ ಎಲ್ಲ ನೀವೇ ಬರೆದರೆ ನಾನು ಎಂತ ಬಿಡಿಸುವುದು ಮಾರಾಯ್ರೆ?" ಅಂದಿರಿ. ಅಚ್ಚಿನಲ್ಲಿ ಒಂದು ದೊಡ್ಡ ಹಾಳೆ ಮಡಚಿದರೆ 16 ಪುಟ, ಅದಕ್ಕೆ ಒಂದು ಫಾರಂ ಅನ್ನುತ್ತಾರೆ, ಎರಡು ಫಾರಂ ಅಂದರೆ 32, ಅದರಲ್ಲಿ ಹೆಸರಿನ ಪುಟ, ಪ್ರಕಾಶಕರ ವಿವರ ಎಲ್ಲ ಕಳೆದರೆ ಕಥೆಗೆ ಸಿಗುವುದು ಇಷ್ಟೇ ಅಂತ ಹಳೆಯ ಕ್ಯಾಲೆಂಡರ್ ಹಾಳೆ ಮಡಚಿ ತೋರಿಸಿದಿರಿ. ನನ್ನ 1,800 ಪದ 600ಕ್ಕೆ ಇಳಿಯಿತು.

ಟೀಚರಮ್ಮ, ಕೊನೆಯ ಪುಟಕ್ಕೆ ಅಡ್ಡಗೀಟು ಎಳೆದು "ಅಜ್ಜಿಗೆ ರಜೆ ಕೊಡಿ" ಅಂತ ಬರೆದವರು ನೀವು. ಎರಡು ದಿನ ನಿಮ್ಮ ಮೇಲೆ ಸಿಟ್ಟಿತ್ತು, ಈಗ ಹೇಳುತ್ತಿದ್ದೇನೆ. ಮಂಗಳೂರಿನ ಅಕ್ಕ, ದುಡ್ಡು ಕೊಟ್ಟು ಅಚ್ಚು ಹಾಕಿಸಬೇಡ, ಕರಾರು ಪೂರ್ತಿ ಓದು, ರಾಯಧನ ಎಷ್ಟು, ಬೇರೆ ಭಾಷೆಗೆ ಹೋದರೆ ಹಕ್ಕು ಯಾರದ್ದು ಅಂತ ಬಾಯಿಬಿಟ್ಟು ಕೇಳು ಅಂತ ಒಂದು ಗಂಟೆ ಫೋನಿನಲ್ಲಿ ಬೈದಿರಿ. ಬಳೆ ಕೈಯಲ್ಲೇ ಇದೆ.

ಪ್ರಶ್ನೆ ಕೇಳಿದ ಹುಡುಗಿಯ ಹೆಸರು ಕೇಳಿಕೊಳ್ಳದೆ ಬಂದೆ, ಅದೊಂದು ಬೇಜಾರು. ಅವಳ ಶಾಲೆಗೆ ಹತ್ತು ಪ್ರತಿ ಕೊಟ್ಟಿದ್ದೇನೆ. ಈಗ ಕೊನೆಯ ಪುಟದಲ್ಲಿ ಹುಡುಗ ಬಾವಿಕಟ್ಟೆಯ ಹತ್ತಿರ ಕೂತಿದ್ದಾನೆ, ಕಿವಿಯ ಹಿಂದೆ ಹಳದಿ.

ನಿಮ್ಮ ಪ್ರತಿಗಳನ್ನು ಈ ಭಾನುವಾರ ತರುತ್ತೇನೆ, ಗೋಳಿಬಜೆಯೂ ನನ್ನ ಲೆಕ್ಕವೇ. ಒಂದು ಅಚ್ಚಿನ ತಪ್ಪು ಉಳಿದುಬಿಟ್ಟಿದೆ. ಯಾವ ಪುಟ ಅಂತ ಹೇಳುವುದಿಲ್ಲ, ಟೀಚರಮ್ಮ ಹೇಗೂ ಹಿಡಿಯುತ್ತಾರೆ.