ಶೇಷ ಎರಡು

ಪುಟ್ಟಿ,

"ಪಿಎಚ್‌ಡಿ ಬಿಟ್ಟು ಬರುತ್ತೇನೆ" ಎಂದವಳೇ ನಿನ್ನೆ ಫೋನ್ ಇಟ್ಟುಬಿಟ್ಟೆ. ನಿನ್ನ ಊಹೆ ಸುಳ್ಳೆಂದು ತೋರಿಸುವ ಉದಾಹರಣೆಯೊಂದನ್ನು ಗೈಡ್ ಮುಂದಿಟ್ಟರಂತೆ. ಅಮ್ಮನಿಗೆ ಅರ್ಧ ಮಾತ್ರ ಹೇಳಿದ್ದೇನೆ.

ಆಗಿನಿಂದ ಆ ಅಡಿಕೆ ಸುಲಿತದ ರಾತ್ರಿಯೇ ಕಣ್ಣಿಗೆ ಕಟ್ಟಿದೆ. ಹೆಂಗಸರೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದರು. ನೀನು ಮಂಡಿಯ ಚೀಟಿಯ ಹಿಂಬದಿಯಲ್ಲಿ 4294967297 ಬರೆದುಕೊಂಡು ಭಾಗಿಸುತ್ತಿದ್ದೆ. 3, 5, 17, 257, 65537: ಪ್ರತಿಯೊಂದರಲ್ಲೂ ಒಂದು ಕಳೆದು, ವರ್ಗ ಮಾಡಿ, ಮತ್ತೆ ಒಂದು ಕೂಡಿಸಿದರೆ ಮುಂದಿನದು ಸಿಗುತ್ತದೆ. ಐದೂ ಅವಿಭಾಜ್ಯ. ಆರನೆಯದಾದ ನಿನ್ನ 4294967297 ಕೂಡ ಹಾಗೆಯೇ ಎಂದು 1640ರಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. ನೀನು ಅದನ್ನು ಒಡೆದೇ ತೀರುತ್ತೇನೆ ಎಂದು ಹಟ ಹಿಡಿದಿದ್ದೆ. ಭಾಜಕವೇನಾದರೂ ಇದ್ದರೆ ಅದು 64ರ ಮಗ್ಗಿಗೆ ಒಂದು ಸೇರಿಸಿದ ಸಂಖ್ಯೆಯೇ ಆಗಿರಬೇಕು ಎಂಬ, ಅವನ ನಂತರದ ಗಣಿತಜ್ಞ ಆಯ್ಲರನ ಸುಳಿವು ಮಾತ್ರ ನಾನು ಕೊಟ್ಟದ್ದು. 65, 129 ಅವಿಭಾಜ್ಯವಲ್ಲವೆಂದು ನೀನು ಬಿಟ್ಟೆ. 193ರಲ್ಲಿ 109 ಉಳಿಯಿತು. 257ರಲ್ಲಿ ಎರಡೇ ಎರಡು! "ಅಪ್ಪಾ, ಸ್ವಲ್ಪದರಲ್ಲಿ ತಪ್ಪಿತು" ಎಂದು ಅತ್ತೇಬಿಟ್ಟೆ.

ಆ ಎರಡರ ವಿಷಯ ಅಂದು ಹೇಳಿರಲಿಲ್ಲ. ಮೊದಲಿನ ಐದರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ಎರಡೇ, ಮೂರರಿಂದಲೂ. ಐದನ್ನೂ ಗುಣಿಸಿ ನೋಡು, 4294967295 ಬರುತ್ತದೆ, ನಿನ್ನ ಸಂಖ್ಯೆಗಿಂತ ಸರಿಯಾಗಿ ಎರಡು ಕಡಿಮೆ. ಸ್ವಲ್ಪದರಲ್ಲಿ ತಪ್ಪಿದ್ದೇನೂ ಅಲ್ಲ, ಆ ದಾರಿಯಲ್ಲಿ ಭಾಗ ಹೋಗುವ ಹಾಗೆಯೇ ಇರಲಿಲ್ಲ. ನೀನು ಕಣ್ಣೊರೆಸಿಕೊಂಡು 449, 577 ಎರಡನ್ನೂ ಮುಗಿಸಿದೆ. 641ಕ್ಕೆ ಸೊನ್ನೆ ಬಂತು, ಭಾಗಲಬ್ಧ 6700417. ಆಯ್ಲರ್ 1732ರಲ್ಲಿ ಕಂಡಿದ್ದನ್ನು ನನ್ನ ಮಗಳು ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕಂಡಳು. ಸುಲಿಯುವವರಿಗೆಲ್ಲ ನಾನು ಎರಡೆರಡು ಸಲ ಹೇಳಿಕೊಂಡು ತಿರುಗಿದೆ. ಅವರಿಗೆ ಏನು ತಿಳಿಯಿತೋ!

ಫರ್ಮಾನ ಊಹೆ ಬಿದ್ದುಹೋಯಿತು ನಿಜ. ಆದರೆ 17 ಬಾಹುಗಳ ಸಮ ಬಹುಭುಜವನ್ನು ಬರೀ ಕೈವಾರ, ಅಳತೆಯ ಗುರುತಿಲ್ಲದ ಪಟ್ಟಿಯಿಂದ ರಚಿಸಬಹುದೆಂದು ಗಣಿತಜ್ಞ ಗೌಸ್ 1796ರಲ್ಲಿ ಕಂಡುಕೊಂಡಾಗ ಇದೇ ಸಂಖ್ಯೆಗಳು ಕೆಲಸಕ್ಕೆ ಬಂದವು. ಆದ್ದರಿಂದ ಒಂದು ಊಹೆ ಸುಳ್ಳಾದ ಮಾತ್ರಕ್ಕೆ... ಇರಲಿ. ಬುದ್ಧಿ ಹೇಳಬಾರದು ಎಂದುಕೊಂಡೇ ಕುಳಿತವನು ಪಾಠ ಶುರುಮಾಡಿದೆ. ಮೇಷ್ಟರ ಚಾಳಿ, ಬೇಸರಿಸಬೇಡ.

ಪದವಿಯ ಚಿಂತೆ ನನಗಿಲ್ಲ, ಮಾರಾಯ್ತಿ. ಊಟ ಬಿಟ್ಟು, ಬಾಗಿಲು ಹಾಕಿಕೊಂಡು ಕೂರುತ್ತೀಯಲ್ಲ, ಅದಕ್ಕೆ ಹೆದರಿಕೆ. ಬರುವುದಾದರೆ ಬಾ. ತಾಳಗುಪ್ಪದ ರೈಲು ಹತ್ತು, ಸಾಗರದ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಗೈಡ್ ಕೊಟ್ಟ ಆ ಉದಾಹರಣೆಯ ಹಾಳೆಯನ್ನು ಮಾತ್ರ ಮರೆಯದೆ ತಾ. ಸಿಟ್ಟಿನಲ್ಲಿ ಹರಿದು ಹಾಕಿದ್ದರೆ, ಅವರನ್ನೇ ಕೇಳಿ ಇನ್ನೊಮ್ಮೆ ಬರೆಸಿಕೊಂಡು ಬಾ.

ಅಪ್ಪ