ಅಧಿಕ ಮಾಸ ಬಂತು, ನನ್ನ ಕೆಲಸ ಹೋಯ್ತು

ಲೋ ಗುಂಡಾ,

ಫೋನ್ ಮಾಡಿದರೆ ನೀನು ಎರಡು ಸಲ "ಹೂಂ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಎಲ್ಲರೆದುರಿಗೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿದರೆ ನಾಚಿಕೆಗಾದರೂ ಉತ್ತರ ಕೊಡುತ್ತೀಯ ಅಂತ.

ವಿಷಯ ಏನಪ್ಪಾ ಅಂದರೆ, ಕೇಟರಿಂಗ್ ಕೆಲಸ ನಿಂತುಹೋಯಿತು. ಈ ಸಲ ಅಧಿಕ ಜ್ಯೇಷ್ಠ. ಮೇ 17ರಿಂದ ಜೂನ್ 15ರ ತನಕ ಒಂದು ಮದುವೆ ಮುಹೂರ್ತವೂ ಇಲ್ಲ. ಆಮೇಲೆ ನಿಜ ಜ್ಯೇಷ್ಠ ಬರುವ ಹೊತ್ತಿಗೆ ನನಗೆ ಕಾಲೇಜು ಶುರು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬರುತ್ತಿತ್ತಲ್ಲ, "ನಾಳೆ ಸಂಜೆ 40 ಹುಡುಗರು ಬೇಕು, ವೈಟ್ ಶರ್ಟ್, ಬ್ಲ್ಯಾಕ್ ಪ್ಯಾಂಟ್, ಶೂ ಕಡ್ಡಾಯ, ಗಡ್ಡ ಬಿಟ್ಟವರು ಬರಬೇಡಿ" ಅಂತ, ಈಗ ಅಲ್ಲಿ ಬರೀ ಗುಡ್ ಮಾರ್ನಿಂಗ್ ಹೂವುಗಳು. 2024ರಲ್ಲೂ ಹೀಗೇ ಆಗಿತ್ತು, ನೆನಪಿದೆಯಾ? ಆಗ ಶುಕ್ರ ಅಸ್ತ, ಮದುವೆ ಮಾಡಬಾರದು ಅಂತ ಮೇ, ಜೂನ್ ಎರಡೂ ತಿಂಗಳು ಛತ್ರಗಳು ಖಾಲಿ ಹೊಡೆದವು. ಮದುವೆ ಆಗುವವರ ಜಾತಕಕ್ಕಿಂತ ಬಡಿಸುವವನ ಜಾತಕವೇ ಕೆಟ್ಟದ್ದು ಕಣೋ.

ಬೇಜಾರು ಯಾಕೆ ಅಂದರೆ ನನಗೆ ಈಗಷ್ಟೇ ಪ್ರಮೋಷನ್ ಆಗಿತ್ತು. ನಗಬೇಡ. ಹೊಸಬರಿಗೆ ಮೊದಲು ಕೊಡುವುದು ನೀರಿನ ಬಾಟಲಿ, ಉಪ್ಪು, ಉಪ್ಪಿನಕಾಯಿ. ಆಮೇಲೆ ಕೋಸಂಬರಿ, ಪಲ್ಯ. ಸಾಂಬಾರಿನ ಬಕೆಟ್ ಕೈಗೆ ಬರಬೇಕಾದರೆ ಚೆಲ್ಲದೆ ಓಡಾಡುವುದು ಗೊತ್ತಿರಬೇಕು. ಒಬ್ಬಟ್ಟು ನಂಬಿಕಸ್ಥರಿಗೆ ಮಾತ್ರ, ಯಾಕಂದರೆ ಮೂರನೇ ಪಂಕ್ತಿಗೆ ಕಮ್ಮಿ ಬೀಳುತ್ತೆ ಅಂತ ಗೊತ್ತಾದಾಗ ಕೇಳಿದವರ ಎಲೆಗಷ್ಟೇ ಹಾಕಿ, ಕೇಳದವರ ಕಣ್ಣಿಗೆ ಬೀಳದ ಹಾಗೆ ಮುಂದೆ ಹೋಗಬೇಕು. ನಾನು ಒಬ್ಬಟ್ಟಿನ ತನಕ ಬಂದಿದ್ದೆ.

ಈಗ ಬೇರೆ ಕೆಲಸ ಹುಡುಕುತ್ತಿದ್ದೇನೆ. ಬೆಂಗಳೂರಲ್ಲಿ ಒಂದೇ ತಿಂಗಳಿಗೆ ಕೆಲಸ ಕೊಡಿ ಅಂದರೆ ಮುಖ ತಿರುಗಿಸುತ್ತಾರೆ. ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಆಪ್ ಇವೆಯಲ್ಲ, ಅಂಥ ಒಂದರ ಗೋಡೌನ್‌ನಲ್ಲಿ ಕನಿಷ್ಠ ಮೂರು ತಿಂಗಳು ಇರಬೇಕು ಅಂದರು. ಡೆಲಿವರಿಗೆ ಹೋಗೋಣ ಅಂದರೆ ಹೆಲ್ಮೆಟ್ ಇದೆ, ಗಾಡಿ ಇಲ್ಲ. (ಹೆಲ್ಮೆಟ್ ಕಥೆ ಕಾಮೆಂಟಿನಲ್ಲಿ ಎತ್ತಿದರೆ ನಿನ್ನ ಹೊಸದುರ್ಗದ ಬಸ್ಸಿನ ಕಥೆ ನಾನು ಎತ್ತುತ್ತೇನೆ.) ಟೆಲಿಗ್ರಾಂನಲ್ಲಿ ಒಬ್ಬ ಮನೆಯಲ್ಲೇ ಕೂತು ಡೇಟಾ ಎಂಟ್ರಿ ಮಾಡಿ, ಮೊದಲು 499 ಕಟ್ಟಿ ಅಂದ. ಕೆಲಸ ಕೊಡುವವನೇ ನಮ್ಮ ಹತ್ತಿರ ದುಡ್ಡು ಕೇಳಿದರೆ ಅಲ್ಲಿಗೆ ಬ್ಲಾಕ್, ಇದನ್ನು ಓದುತ್ತಿರುವ ತಮ್ಮಂದಿರೂ ಹಾಗೇ ಮಾಡಿ. ಇನ್ನು ಇಂಟರ್ನ್‌ಶಿಪ್. ಎರಡು ತಿಂಗಳು ಪುಕ್ಕಟೆ ದುಡಿದರೆ ಒಂದು ಸರ್ಟಿಫಿಕೇಟ್. ಅಪ್ಪ ರೂಮ್ ಬಾಡಿಗೆ ಕಟ್ಟುವ ಹುಡುಗರಿಗೆ ಅದು ಸರಿ.

ಅಮ್ಮ ಫೋನಿನಲ್ಲಿ, "ಮದುವೆ ಇಲ್ಲದಿದ್ರೆ ಊರಿಗೇ ಬಾರೋ, ಇಲ್ಲೇನು ಕೆಲಸಕ್ಕೆ ಬರವಾ?" ಅಂದಳು. ನೋಡುತ್ತೇನೆ ಅಂದೆ. ಅಂದು ಫೋನಿಟ್ಟು, ಅವತ್ತೇ ಮಧ್ಯಾಹ್ನ ಲಾಲ್‌ಬಾಗ್ ಮಾವು ಮೇಳದಲ್ಲಿ ಮಳಿಗೆ ಹಾಕುವ ಶ್ರೀನಿವಾಸಪುರದ ಕಡೆಯವರೊಬ್ಬರ ನಂಬರ್ ಹುಡುಕಿ, ಅಣ್ಣಾ ಹುಡುಗ ಬೇಕಾ ಅಂತ ಕೇಳಿದೆ. ಅಷ್ಟು ಅವಸರ ಯಾಕೆ ಅಂತ ನನಗೇ ಅನ್ನಿಸಿತು.

ನಾನು ಈ ಕೆಲಸ ಹಿಡಿದದ್ದು 2023ರಲ್ಲಿ. ಆ ವರ್ಷ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ಬೆಂಬಲ ಬೆಲೆ 11,750 ಅಂತ ಪೇಪರಿನಲ್ಲಿ ಓದಿಕೊಂಡು ಕೂತಿದ್ದೆವು. ಮಳೆಯೂ ಕೈಕೊಟ್ಟಿತ್ತು. ನನ್ನ ಖರ್ಚು ನಾನು ನೋಡಿಕೊಳ್ಳುತ್ತೇನೆ ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿದೆ. ಆಗ ಅದು ನಿಜವೇ. ಆದರೆ 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ನಮ್ಮ ಮರಗಳಲ್ಲಿ ಕಾಯಿ ಅರ್ಧಕ್ಕಿಳಿದಿದ್ದರೂ ಸಾಲ ತೀರಿತು. ಅಪ್ಪ ದುಡ್ಡಿನ ಮಾತೇ ಎತ್ತುವುದಿಲ್ಲ ಈಗ. ನಾನು ಮಾತ್ರ ಎಲ್ಲರಿಗೂ ಅದೇ ಹಳೇ ಕಾರಣ ಹೇಳಿಕೊಂಡು ಓಡಾಡುತ್ತಿದ್ದೇನೆ.

ಹೋದ ವಾರ ಅಮ್ಮ ಇನ್ನೊಂದು ಹೇಳಿದಳು. ಕೊಬ್ಬರಿಗೆ ಅಂತ ಅಟ್ಟದಲ್ಲಿ ಒಣಗಿಸಿಟ್ಟ ಕಾಯಿ ಇಳಿಸಿ, ಸುಲಿದು, ಒಡೆದುಕೊಟ್ಟವನು ನೀನಂತೆ. ಚಿಪ್ಪು ಒಡೆಯುವಾಗ ಮಚ್ಚಿನ ಏಟು ಒಂಚೂರು ಜಾಸ್ತಿ ಬಿದ್ದರೆ ಒಳಗಿನ ಕೊಬ್ಬರಿ ಉಂಡೆ ಹೋಳಾಗುತ್ತೆ, ರೇಟು ಬೀಳುತ್ತೆ, ಅದಕ್ಕೇ ಅಪ್ಪ ಆ ಮಚ್ಚನ್ನು ನನ್ನ ಕೈಗೆ ಕೊಟ್ಟವರೇ ಅಲ್ಲ. ನಿನಗೆ ಕೊಟ್ಟಿದ್ದಾರೆ. "ಅವನ ಕೈಯಲ್ಲಿ ಒಂದೂ ಹೋಳಾಗಲಿಲ್ಲ" ಅಂತ ಬಾಯಿಬಿಟ್ಟು ಹೊಗಳಿದರಂತೆ, ನಮ್ಮಪ್ಪ! ನನಗೆ ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು ಕಣೋ. ಅಪ್ಪ ನಿನಗೆ ಕೊಟ್ಟ ಕೂಲಿಯೂ ನಾನಿಲ್ಲಿ ಒಂದು ಹೊತ್ತಿಗೆ ತಗೊಳ್ಳುವ ಆರುನೂರೂ ಹೆಚ್ಚೂ ಕಮ್ಮಿ ಒಂದೇ. ಅಂದರೆ ನಾನು ಇಲ್ಲಿ ದುಡಿದದ್ದು ಅಲ್ಲಿ ನಿನಗೆ ಹೋಯಿತು, ಮನೆಗೆ ಉಳಿದದ್ದು ಸೊನ್ನೆ. ಈ ಲೆಕ್ಕ ಅಪ್ಪನಿಗೂ ಗೊತ್ತು, ಹೇಳಲಿಲ್ಲ. ಹೋದ ಸಲ ನಾನು ಊರಿಗೆ ಬಂದಾಗಲೂ ಅಷ್ಟೇ, ಒಂದು ಕೆಲಸ ಹೇಳಲಿಲ್ಲ. "ನೀನು ಕೂತ್ಕೋ" ಅಂದರು. ಮೊದಲೆಲ್ಲ ರಜಾ ಅಂದರೆ ಬೈಸಿಕೊಂಡು ದುಡಿಯುವುದೇ ಆಗಿತ್ತಲ್ಲ. ಆ ಕೂತ್ಕೋ ಅನ್ನುವುದನ್ನು ಇನ್ನೊಂದು ತಿಂಗಳು ಕೇಳಬೇಕಲ್ಲ ಅಂತಲೇ ನಾನು ಮಾವಿನಹಣ್ಣಿನ ಹಿಂದೆ ಬಿದ್ದಿರುವುದು, ಬೇರೇನಲ್ಲ.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಹಾಳಾಗಿ ಹೋಗಲಿ. ನಿನ್ನ ಕೂಲಿ ಪೂರ್ತಿ ತಗೊಂಡೆಯಾ ಇಲ್ಲವಾ ಅಷ್ಟು ಹೇಳು, ಅಪ್ಪ "ಮುಂದಿನ ವಾರ" ಅಂದಿದ್ದರೆ ಬಿಡಬೇಡ, ಆ ವಾರ ನಮ್ಮನೆ ಕ್ಯಾಲೆಂಡರಿನಲ್ಲಿ ಬರುವುದೇ ಇಲ್ಲ. ಇದನ್ನು ಓದಿದ ಉಳಿದವರಲ್ಲಿ ಯಾರಿಗಾದರೂ ಜೂನ್ 15ರ ತನಕ ಒಬ್ಬ ಹುಡುಗ ಬೇಕಿದ್ದರೆ ತಿಳಿಸಿ. ಬಿಳಿ ಶರ್ಟ್ ಇದೆ, ಗಡ್ಡ ಇಲ್ಲ, ಎರಡೂ ಕೈಯಲ್ಲಿ ಬಕೆಟ್ ಹಿಡಿದು ಓಡಬಲ್ಲೆ. ಮಚ್ಚು ಮಾತ್ರ ಕೊಡಬೇಡಿ.

ಇಂತಿ,
ನಿನ್ನ ಒಬ್ಬಟ್ಟಿನ ಸಾಹೇಬ